ನಮ್ಮ ಮನೆಯ ತನಿಖೆ

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ ನಗರಸಭೆಯ ಜವಾನ ಬಂದು ನೋಟೀಸು ಕೊಟ್ಟು ಹೋದ. ಬೇರೆಯವರ ನಾಯಿಗಳನ್ನು ಮನೆಯಲ್ಲಿ ಇರಿಸಿಕೊಂಡು ವ್ಯವಹಾರ ನಡೆಸುತ್ತಿರುವುದು ಅವರ ಗಮನಕ್ಕೆ ಬಂದಿದೆಯಂತೆ. ನೆರೆಯವರಿಂದ ಗದ್ದಲದ ದೂರು ಬಂದಿದೆಯಂತೆ. ಏಪ್ರಿಲ್ ಮುಗಿಯುವುದರೊಳಗೆ ಲೈಸೆನ್ಸು ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ನಾಯಿಗಳನ್ನೆಲ್ಲ ಯಜಮಾನರಿಗೆ ಒಪ್ಪಿಸಿ ವ್ಯವಹಾರ ನಿಲ್ಲಿಸಬೇಕು.

ಇದು ನನ್ನ ವ್ಯವಹಾರವಲ್ಲ, ಇವಳದು. ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಎದುರುಮನೆಯವರು ಯಾವುದೋ ಪ್ರಯಾಣ ಹೊರಟಾಗ ತಮ್ಮ ನಾಯಿಯನ್ನು ಇವಳ ಹತ್ತಿರ ಬಿಟ್ಟು ಹೋದರಂತೆ. ಅವರು ಇನ್ನೊಬ್ಬರಿಗೆ ಹೇಳಿದರು, ಇನ್ನೊಬ್ಬರು ಮತ್ತೊಬ್ಬರಿಗೆ. ಹೋದ ತಿಂಗಳು ನಾನು ರಿಟೈರಾಗಿ ಮನೆಗೆ ಬಂದು ಕೂತಾಗ ನೋಡುತ್ತೇನೆ, ನನ್ನ ಕುರ್ಚಿಯಲ್ಲಿ ಔಷಧಿ ಅಂಗಡಿಯವರ ನಾಯಿ ಕೂತಿದೆ. ಅದರ ಹೆಸರು ಗುಂಡ. ಹೆಸರಿಗೆ ಮೋಸವಿಲ್ಲದ ಮೈ. ಅದಲ್ಲದೆ ಹಲ್ಲಿನ ಡಾಕ್ಟರ ಮನೆಯ ಎರಡು ಕುಳ್ಳ ನಾಯಿಗಳಿವೆ, ಅವನ್ನು ಇವಳು ಅಕ್ಕತಂಗಿ ಅನ್ನುತ್ತಾಳೆ. ನಾಲ್ಕನೆಯದು ಪುಕ್ಕಲ. ಸೌಟು ಕೆಳಗೆ ಬಿದ್ದರೂ ಹೋಗಿ ಮೆಟ್ಟಿಲ ಕೆಳಗೆ ಸೇರಿಕೊಳ್ಳುವ ಪ್ರಾಣಿ. ಅದರ ಯಜಮಾನ ಹಡಗಿನಲ್ಲಿ ಅಡುಗೆ ಮಾಡುವವನು. ಒಮ್ಮೆ ಸಮುದ್ರಕ್ಕೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಲೈಸೆನ್ಸು ಸಿಗದಿದ್ದರೆ ಉಳಿದವು ತಮ್ಮ ತಮ್ಮ ಮನೆಗೆ ಹೋಗುತ್ತವೆ. ಪುಕ್ಕಲ ನಗರಸಭೆಯ ದೊಡ್ಡಿಗೆ ಹೋಗುತ್ತಾನೆ.

ನೋಟೀಸು ಓದಿ ಹೇಳಿದೆ. ಇವಳು ಗುಂಡನ ಕಿವಿಗೆ ಔಷಧಿ ಹಾಕುತ್ತಿದ್ದಳು. ಕೈ ನಿಲ್ಲಲಿಲ್ಲ, ಮುಖ ಮಾತ್ರ ಸಣ್ಣದಾಯಿತು.

"ಎಲ್ಲಾನೂ ಕಳಿಸಿಬಿಡ್ಬೇಕಾ?" ಅಂದಳು.

"ಯಾಕೆ ಕಳಿಸ್ತೀಯ? ನಾನಿಲ್ವಾ? ರೂಲ್ಸು ಅಂದ್ರೇನು ಅಂತ ನನಗೆ ಯಾರಾದ್ರೂ ಹೇಳಿಕೊಡ್ಬೇಕಾ? ಲೈಸೆನ್ಸ್ ತರೋ ಜವಾಬ್ದಾರಿ ನಂದು."

"ನೀವು ಸ್ವಲ್ಪ ಸುಮ್ನಿದ್ರೆ ಅದೇ ದೊಡ್ಡ ಉಪಕಾರ ಕಣ್ರೀ."

ಗಾಬರಿಯಾದಾಗ ಇವಳು ಹೀಗೇ ಏನೇನೋ ಮಾತಾಡುತ್ತಾಳೆ. ದಿನಾ ಡ್ಯೂಟಿ ಮುಗಿಸಿ ರಿಪೋರ್ಟು ಬರೆದು ಅಭ್ಯಾಸವಾದ ಕೈ ನನ್ನದು. ಬರೆಯದಿದ್ದರೆ ತುರಿಸುತ್ತದೆ. ಅದಕ್ಕೇ ಈ ಡೈರಿ.

ಮಾರ್ಚ್ ೬, ಬುಧವಾರ

ನಗರಸಭೆಗೆ ಹೋಗಿ ಬಂದೆ. ಡ್ಯೂಟಿ ಬೂಟಿಗೆ ಪಾಲಿಶ್ ಹಾಕಿಕೊಂಡೇ ಹೋಗಿದ್ದೆ. ಗುಮಾಸ್ತ ತಲೆ ಎತ್ತಿ ನೋಡದೆ "ಕೂತಿರಿ" ಅಂದ. ಬೆಂಚಿನ ಮೇಲೆ ಕೂತೆ. ನನ್ನನ್ನು ನೋಡಿ ಜನ ಜೇಬು ತಡಕಿಕೊಳ್ಳುತ್ತಿದ್ದ ಕಾಲವೊಂದಿತ್ತು. ಇವತ್ತು ನಾನೇ ಆಧಾರದ ಕಾಗದಗಳಿಗಾಗಿ ಜೇಬು ತಡಕುತ್ತ, ಎದ್ದು ಬಾಗಿಲವರೆಗೆ ಹೋಗುತ್ತ, ಮತ್ತೆ ಬಂದು ಕೂರುತ್ತ ಇದ್ದೆ. ಪಕ್ಕದಲ್ಲಿದ್ದ ಹೆಂಗಸು "ಸ್ವಲ್ಪ ನಿಂತ ಕಡೆ ನಿಲ್ಲಿ ಸ್ವಾಮಿ, ನನಗೇ ತಲೆ ತಿರುಗ್ತಿದೆ" ಅಂದಳು. ಅವಳಿಗೇನು ಗೊತ್ತು ಅರ್ಜೆಂಟು.

ನಿಯಮಗಳು ಸರಿಯಾಗಿಯೇ ಇವೆ. ಪ್ರತಿ ನಾಯಿಗೂ ಬೇರೆ ಹಾಸಿಗೆ ಇರಬೇಕು. ಒಂದು ಇನ್ನೊಂದರಿಂದ ದೂರ ಹೋಗಿ ಮಲಗಲು ಜಾಗವಿರಬೇಕು. ಗೇಟಿನ ಚಿಲಕ ನಾಯಿಯ ಮೂಗಿಗೆ ತೆರೆಯುವಂತಿರಬಾರದು. ಸ್ವಚ್ಛತೆ ಇರಬೇಕು, ಗದ್ದಲ ಇರಬಾರದು. ನಗರಸಭೆಯ ಪಶುವೈದ್ಯೆ ಖುದ್ದಾಗಿ ಬಂದು ಮನೆ ನೋಡುತ್ತಾರೆ.

"ನಾಯಿ ನೋಡ್ಕೊಳ್ಳೋರು ಯಾರು ಸಾರ್?" ಅಂತ ಗುಮಾಸ್ತ ಕೇಳಿದ.

"ನಾನೇ" ಅಂದೆ. ಅರ್ಜಿ ನನ್ನ ಹೆಸರಿನಲ್ಲೇ ಆಯಿತು. ಇವಳಿಗೆ ಅಧಿಕಾರಿಗಳ ಮುಂದೆ ಬಾಯಿ ಬರುವುದಿಲ್ಲ, ಪೇಚಾಡುತ್ತಾಳೆ. ಮನೆಗೆ ಬಂದು ಹೇಳಿದರೆ "ಹೂಂ" ಅಂದಳು. ಎರಡು ಸಲ ಹೇಳಿದೆ, ಎರಡು ಸಲವೂ "ಹೂಂ."

ಮಾರ್ಚ್ ೯, ಶನಿವಾರ

ಈ ಮನೆಯಲ್ಲಿ ವ್ಯವಸ್ಥೆ ಅನ್ನುವುದೇ ಇರಲಿಲ್ಲ. ಇವತ್ತು ಶುರುಮಾಡಿದೆ. ಬಟ್ಟಲುಗಳಿಗೆ ನಂಬರು ಬರೆದೆ. ಹಾಸಿಗೆಗಳಿಗೂ ಬರೆದೆ. ಊಟ, ವಾಕಿಂಗು, ನಿದ್ದೆ ಎಲ್ಲದಕ್ಕೂ ವೇಳಾಪಟ್ಟಿ ಮಾಡಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ.

ಗುಂಡ ಹೋಗಿ ಅಕ್ಕನ ಹಾಸಿಗೆಯಲ್ಲಿ ಮಲಗಿದ. "ಏಯ್, ಇಳಿಯೋ ಕೆಳಗೆ, ನಿಂದು ಒಂದನೇ ನಂಬರು" ಅಂತ ಗದರಿದೆ. ಅವನು ಒಂದು ಸಲ ಬೊಗಳಿದ. ನಾನು ಇನ್ನೂ ಜೋರು ಮಾಡಿದೆ. ಅವನೂ ಜೋರು ಮಾಡಿದ. ಅಕ್ಕತಂಗಿಯರು ಸೇರಿಕೊಂಡರು. ಪುಕ್ಕಲ ಮೆಟ್ಟಿಲ ಕೆಳಗಿನಿಂದ ಊಳಿಟ್ಟ. ಗೋಡೆಯಾಚೆ ಪಿಟೀಲು ಮೇಷ್ಟ್ರು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಅದೂ ನಿಂತಿತು.

ಇವಳು ಹಿತ್ತಲಿಂದ ಬಂದು ಏನೂ ಮಾತಾಡದೆ ನೆಲದ ಮೇಲೆ ಕೂತಳು, ಬೆನ್ನು ನಾಯಿಗಳ ಕಡೆಗೆ. ಹಳೆ ಪತ್ರಿಕೆ ಬಿಡಿಸಿ ಓದತೊಡಗಿದಳು. ಹೊಸ ನಾಯಿ ಬಂದಾಗಲೂ ಇವಳು ಮಾಡುವುದು ಇದನ್ನೇ. ಕೆಲಸವಿರುವಾಗ ಪತ್ರಿಕೆ ಓದುವುದು. ಸ್ವಲ್ಪ ಹೊತ್ತಿಗೆ ನಾಯಿಗಳು ತಾವಾಗಿಯೇ ಸುಸ್ತಾಗಿ ಸುಮ್ಮನಾದವು ಅನ್ನುವುದು ಬೇರೆ ಮಾತು.

ಮಾರ್ಚ್ ೧೨, ಮಂಗಳವಾರ

ದೂರು ಕೊಟ್ಟವರು ಯಾರು ಅಂತ ಗೊತ್ತಾಗದೆ ಊಟ ಇಳಿಯುತ್ತಿರಲಿಲ್ಲ. ಕಾಂಪೌಂಡಿನ ಬಳಿ ಪಿಟೀಲು ಮೇಷ್ಟ್ರು ಗಿಡಕ್ಕೆ ನೀರು ಹಾಕುತ್ತಿದ್ದಾಗ ನೇರವಾಗಿ ಕೇಳಿಯೇಬಿಟ್ಟೆ.

"ಕೊಟ್ಟೆ" ಅಂದರು. ಮುಖದಲ್ಲಿ ಒಂದಿಷ್ಟೂ ಸಂಕೋಚವಿಲ್ಲ.

"ನಾಯಿ ಅಂದ್ಮೇಲೆ ಬೊಗಳ್ತವೆ ಮೇಷ್ಟ್ರೇ. ಇಷ್ಟು ವರ್ಷದಿಂದ ಇವೆ. ಇವತ್ತೇನು ಹೊಸದಾಗಿ ಕಿವಿ ಬಂತಾ ನಿಮಗೆ?"

"ಅದೇ ನಾನೂ ಹೇಳೋದು. ಇಷ್ಟು ವರ್ಷದಿಂದ ಇವೆ. ನಿಮ್ಮ ಮನೆಯವರು ಬೆಳಗ್ಗೆ ಅವುಗಳ ಜೊತೆ ಮಾತಾಡೋದು ಕೇಳಿಸ್ತಿತ್ತು, ಅಷ್ಟೇ. ಹೋದ ತಿಂಗಳಿಂದ ಯಾಕೆ ಪಾಠ ಮಾಡೋಕೆ ಆಗ್ತಿಲ್ಲ ಅಂತ ನೀವೇ ಒಂದ್ಸಲ ಕೂತು ಯೋಚ್ನೆ ಮಾಡಿ."

ನೀರಿನ ಪೈಪು ಸುತ್ತಿಕೊಂಡು ಒಳಗೆ ಹೋದರು. ಹೋದ ತಿಂಗಳು ಅಂದರೆ ಪುಕ್ಕಲ ಬಂದ ಸಮಯ ಇರಬೇಕು. ಇವಳನ್ನು ಕೇಳಿದೆ. ಪುಕ್ಕಲ ಬಂದು ವರ್ಷಕ್ಕೆ ಹತ್ತಿರವಾಯಿತಂತೆ. ಹಾಗಾದರೆ ಗುಂಡನಿಗೆ ವಯಸ್ಸಾಗಿ ಸಿಡಿಮಿಡಿ ಜಾಸ್ತಿಯಾಗಿರಬೇಕು.

ಮಾರ್ಚ್ ೧೫, ಶುಕ್ರವಾರ

ತನಿಖೆ ಮಂಗಳವಾರ ಅಂತ ಫೋನು ಬಂತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಚಿಲಕ ನೋಡಿದೆ, ಮತ್ತೆ ನೋಡಿದೆ. ಇವಳು "ಹೋಗಿ ಸ್ವಲ್ಪ ಸುತ್ತಾಡ್ಕೊಂಡು ಬನ್ನಿ" ಅಂತ ಹೊರಗೆ ಕಳಿಸಿದಳು. ಎಲ್ಲಿಗೆ ಅಂತ ಹೋಗಲಿ, ಯಾವುದೋ ಬಸ್ಸು ಹತ್ತಿ ಕೂತೆ. ಪಕ್ಕದ ಸೀಟಿನವರ ಕಡೆ ಕೈ ಚಾಚಿ "ಟಿಕೆಟ್" ಅಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಅವರು ಪಾಪ ತೆಗೆದು ತೋರಿಸಿಯೂಬಿಟ್ಟರು. ನೋಡಿ "ಸರಿ ಇದೆ" ಅಂತ ವಾಪಸ್ಸು ಕೊಟ್ಟೆ. ಇನ್ನೇನು ಮಾಡಲಿ? ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದೆ.

ಇವಳಿಗೆ ಹೇಳಲಿಲ್ಲ. ಹೇಳಿದ್ದರೆ ವಾರವಿಡೀ ನಗುತ್ತಿದ್ದಳು. ಮೊದಲು ಇವಳು ಬಹಳ ನಗುತ್ತಿದ್ದಳು.

ಮಾರ್ಚ್ ೧೮, ಸೋಮವಾರ

ಇವತ್ತು ಮನಸ್ಸಿಗೆ ಸಮಾಧಾನವಾಗುವ ಹಾಗೆ ಕೆಲಸ ಮಾಡಿದೆ. ಇವಳು ಅಕ್ಕತಂಗಿಯರನ್ನು ಹಲ್ಲಿನ ಡಾಕ್ಟರ ಮನೆಯವರಿಗೆ ತೋರಿಸಿಕೊಂಡು ಬರಲು ಹೋಗಿದ್ದಳು, ಅವರು ಊರಿಗೆ ಬಂದು ಹೋಗುವವರಿದ್ದರು. ಗುಂಡ ಮತ್ತು ಪುಕ್ಕಲನನ್ನು ಹಿತ್ತಲಲ್ಲಿ ಕಟ್ಟಿದೆ. ಹಾಸಿಗೆ, ಚಾದರ, ಗೋಣಿತಾಟು, ಇವಳ ಹಳೆ ಸ್ವೆಟರು (ಅದನ್ನು ಪುಕ್ಕಲ ಕಚ್ಚಿಕೊಂಡೇ ಓಡಾಡುವುದು, ನೋಡಲು ಅಸಹ್ಯ), ಎಲ್ಲವನ್ನೂ ಕುದಿಯುವ ನೀರಿನಲ್ಲಿ ಅದ್ದಿ ಒಗೆದೆ. ನೆಲಕ್ಕೆ ಫಿನಾಯಿಲು. ಗೋಡೆಗಳನ್ನು ನನ್ನ ಸೊಂಟದ ಎತ್ತರದವರೆಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆ. ಕುರ್ಚಿಯ ಕಾಲುಗಳನ್ನೂ ಬಿಡಲಿಲ್ಲ. ಇಡೀ ಮನೆ ಆಸ್ಪತ್ರೆಯ ವಾರ್ಡಿನ ಹಾಗೆ ಘಮ್ಮೆಂದಿತು.

ಇವಳು ಬಂದು ಹೊಸ್ತಿಲಲ್ಲೇ ನಿಂತಳು. ಸೆರಗು ಮೂಗಿಗೆ ಹಿಡಿದುಕೊಂಡು ಮೆಲ್ಲಗೆ "ಏನ್ ಮಾಡಿದ್ರೀ ಇದು" ಅಂದಳು. ಖುಷಿಗೆ ಮಾತೇ ಹೊರಡಲಿಲ್ಲ.

ಮಾರ್ಚ್ ೧೯, ಮಂಗಳವಾರ

ಬರೆಯುವುದಕ್ಕೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಪಶುವೈದ್ಯೆ ನನ್ನ ಮಗಳ ವಯಸ್ಸಿನ ಹುಡುಗಿ, ಅಂದರೆ ನನಗೆ ಮಗಳಿದ್ದಿದ್ದರೆ ಆ ವಯಸ್ಸು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಾನು ಬೂಟು ಟಕ್ ಅನ್ನಿಸಿ ಮುಂದೆ ನಿಂತೆ. ವೇಳಾಪಟ್ಟಿ ತೋರಿಸಿದೆ. ನಂಬರುಗಳನ್ನು ತೋರಿಸಿದೆ. ಅಷ್ಟರಲ್ಲಿ ಇವಳು ನಾಯಿಗಳನ್ನು ಒಳಗೆ ಬಿಟ್ಟಳು.

ಗುಂಡ ಬಾಗಿಲ ಬಳಿ ಮೂಸಿದ. ಗೋಡೆ ಮೂಸಿದ. ಎಲ್ಲೋ ದಾರಿ ತಪ್ಪಿ ಬಂದವನಂತೆ ಸುತ್ತಲೂ ನೋಡಿ, ಕಾಲೆತ್ತಿದ. ಬಾಗಿಲ ಮೂಲೆ, ಕುರ್ಚಿ, ಒಂದನೇ ನಂಬರಿನ ಹಾಸಿಗೆ, ಎರಡನೇ ನಂಬರಿನದು. ಅಕ್ಕತಂಗಿಯರು ಸೋಫಾದ ಸುತ್ತ ಅದೇ ಕೆಲಸ ಶುರುಮಾಡಿದರು. ಎಂದೂ ಹೀಗೆ ಮಾಡಿದವರಲ್ಲ. "ಏಯ್" ಅಂತ ಕಿರುಚಿದೆ. ಮೂರೂ ಬೊಗಳತೊಡಗಿದವು. ಪುಕ್ಕಲ ಸ್ವೆಟರನ್ನು ಮೂಸಿ, ಬಿಟ್ಟು, ಮತ್ತೆ ಮೂಸಿ, ಒಗೆದು ಒಣಗಿಸಿದ ಆ ಸ್ವೆಟರಿನ ಮೇಲೆ ನಿಂತು ಸಣ್ಣ ಮಗುವಿನ ಹಾಗೆ ಅಳತೊಡಗಿದ. ಗುಂಡ ಕೊನೆಗೆ ಪಶುವೈದ್ಯೆಯ ಕೈಚೀಲದ ಬಳಿ ಹೋದ. ಮುಂದಿನದನ್ನು ಬರೆಯುವುದಿಲ್ಲ.

ಆಕೆ ಸಿಟ್ಟಾಗಲಿಲ್ಲ, ಅದೇ ಇನ್ನೂ ಕಷ್ಟ. "ಎಷ್ಟು ಫಿನಾಯಿಲ್ ಹಾಕಿದೀರಿ ಸಾರ್? ನಮಗೇ ಕಣ್ಣು ಉರೀತಿದೆ. ಇವು ಮನೆ ಗುರುತು ಹಿಡಿಯೋದು ವಾಸನೆಯಿಂದ. ನೀವು ಎಲ್ಲಾ ತೊಳೆದು ಹಾಕಿದೀರಿ. ಈಗ ಇದು ಯಾರದೋ ಮನೆ ಆಗೋಯ್ತು. ಮತ್ತೆ ತಮ್ಮದು ಮಾಡ್ಕೊಳ್ಳೋಕೆ ಪಾಪ ಒದ್ದಾಡ್ತಿವೆ" ಅಂದರು.

ಆಮೇಲೆ ಪುಕ್ಕಲನ ಕಡೆ ಕೈ ತೋರಿಸಿ, ಇವನು ಯಾವುದಕ್ಕೆ ಹೆದರ್ತಾನೆ, ಹೆದರಿದಾಗ ಏನು ಮಾಡ್ತೀರಿ ಅಂತ ಕೇಳಿದರು. ನಾನು ವೇಳಾಪಟ್ಟಿಯ ಕಡೆ ನೋಡಿದೆ. ಇವಳು ಹಿಂದಿನಿಂದ ಉತ್ತರ ಹೇಳಲು ಹೊರಟಳು. "ನಾನು ಹೇಳ್ತೀನಿ ಇರು" ಅಂದೆ. ಅಂದೆ, ಆದರೆ ಹೇಳಲು ಏನೂ ಇರಲಿಲ್ಲ.

ಈ ಸಲ ಇಲ್ಲ ಅಂದರು. ಇನ್ನೊಂದು ಸಲ ಬಂದು ನೋಡುತ್ತಾರಂತೆ, ಅದೇ ಕೊನೆ. ಅಲ್ಲಿಯವರೆಗೆ ಹೊಸ ನಾಯಿ ಸೇರಿಸಿಕೊಳ್ಳುವಂತಿಲ್ಲ.

ಮಾರ್ಚ್ ೨೦, ಬುಧವಾರ

ಇವಳು ಊಟ ಬಡಿಸಿ, ತನ್ನ ತಟ್ಟೆ ತೆಗೆದುಕೊಂಡು ಹೋಗಿ ನಾಯಿಗಳ ಪಕ್ಕ ಕೂತಳು.

ಮಾರ್ಚ್ ೨೨, ಶುಕ್ರವಾರ

ಹಲ್ಲಿನ ಡಾಕ್ಟರ ಹೆಂಡತಿ ಬಂದು ಅಕ್ಕತಂಗಿಯರನ್ನು ಕರೆದುಕೊಂಡು ಹೋದರು. ಸುದ್ದಿ ತಲುಪಿದೆ. "ತಪ್ಪು ತಿಳ್ಕೋಬೇಡಿ ಅಕ್ಕಾ" ಅಂತ ಇವಳ ಕೈ ಹಿಡಿದುಕೊಂಡರು. ಇವಳು "ಅಯ್ಯೋ, ಪರವಾಗಿಲ್ಲ ಬಿಡಿ" ಅಂತ ನಗುನಗುತ್ತ ಗೇಟಿನವರೆಗೆ ಹೋಗಿ ಕಳಿಸಿ ಬಂದಳು. ಬಂದವಳು ಖಾಲಿ ಹಾಸಿಗೆಗಳನ್ನು ಮಡಿಸತೊಡಗಿದಳು. ನಾನು ಸುಮ್ಮನಿರಲಾರದೆ, ಮುಂದಿನ ತನಿಖೆಗೆ ಏನೇನು ಮಾಡಬೇಕು ಅಂತ ಹೊಸ ಯೋಜನೆ ಹೇಳಲು ಶುರುಮಾಡಿದೆ.

"ಬೇಡ" ಅಂದಳು. "ಗುಂಡನ್ನೂ ಕಳಿಸ್ತೀನಿ. ಪುಕ್ಕಲನಿಗೆ ಎಲ್ಲಾದ್ರೂ ಒಂದು ಜಾಗ ಹುಡುಕ್ತೀನಿ. ಲೈಸೆನ್ಸೂ ಬೇಡ ಏನೂ ಬೇಡ."

"ನಿನಗೋಸ್ಕರ ತಾನೇ ನಾನು ಒದ್ದಾಡ್ತಿರೋದು?"

ಮಡಿಸುತ್ತಿದ್ದ ಹಾಸಿಗೆಯನ್ನು ಕೆಳಗಿಟ್ಟಳು. "ಮೂವತ್ತು ವರ್ಷ ನಿಮಗೆ ಕಾದೆ. ರಿಟೈರಾಗಿ ಮನೆಗೆ ಬರ್ತಾರೆ, ಒಟ್ಟಿಗೆ ಕೂತು ಕಾಫಿ ಕುಡೀಬಹುದು ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ? ನೀವು ಮನೆಗೆ ಬರಲೇ ಇಲ್ಲ. ಇನ್‌ಸ್ಪೆಕ್ಷನ್‌ಗೆ ಬಂದ್ರಿ. ಅಡುಗೆಮನೇಲಿ ಡಬ್ಬ ಎಣಿಸ್ತೀರಿ. ನಾನು ಯಾರ ಹತ್ರ ಎಷ್ಟು ಹೊತ್ತು ಫೋನಲ್ಲಿ ಮಾತಾಡ್ದೆ ಅಂತ ಕೇಳ್ತೀರಿ. ಬೆಳಗಾದ್ರೆ ನಾಯಿ ಮೇಲೆ ಕೂಗ್ತೀರಿ, ನೀವು ಕೂಗಿದ್ದಕ್ಕೆ ಅವು ಕೂಗ್ತವೆ, ಅವು ಕೂಗಿದ್ದಕ್ಕೆ ನೀವು ಮತ್ತೆ ಕೂಗ್ತೀರಿ. ಮೇಷ್ಟ್ರು ದೂರು ಕೊಟ್ಟಿದ್ದು ನಾಯಿ ಮೇಲಲ್ಲ ರೀ. ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?"

ಇವಳು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೊರಗೆ ಹೋಗಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದೆ. ಪಿಟೀಲು ಮೇಷ್ಟ್ರ ಮನೆಯ ಮುಂದೆ ಮಾತ್ರ ಬೇಗ ಬೇಗ ದಾಟಿದೆ.

ಮಾರ್ಚ್ ೨೫, ಸೋಮವಾರ

ನಗರಸಭೆಗೆ ಹೋಗಿ ಅರ್ಜಿಯಲ್ಲಿ ನನ್ನ ಹೆಸರು ತೆಗೆಸಿ ಇವಳ ಹೆಸರು ಹಾಕಿಸಿದೆ. ಇದೊಂದು ತಂತ್ರ, ಅಷ್ಟೇ. ಒಂದು ಸಲ ಫೇಲಾದವನ ಹೆಸರಿದ್ದರೆ ಅಧಿಕಾರಿಗಳಿಗೆ ಪೂರ್ವಗ್ರಹ ಇರುತ್ತದೆ, ನನ್ನ ಅನುಭವದಲ್ಲಿ ನೋಡಿದ್ದೇನೆ. ಗುಮಾಸ್ತ ಇವತ್ತೂ ಬೆಂಚಿನ ಮೇಲೆ ಕೂರಿಸಿದ. ಕೂತೆ.

ಗುಂಡನನ್ನು ಸದ್ಯಕ್ಕೆ ಕಳಿಸಬೇಡ, ಎರಡನೇ ತನಿಖೆಗೆ ಮನೆಯಲ್ಲಿ ನಾಯಿಗಳಿರಬೇಕು ಅಂತ ಇವಳಿಗೆ ಹೇಳಿದೆ. ಹೆಸರು ಬದಲಾಯಿಸಿದ್ದನ್ನೂ ಹೇಳಿದೆ. ಇವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಜ್ವರ ಬಂದಿದೆಯೇನೋ ಅನ್ನುವ ಹಾಗೆ.

"ಡಾಕ್ಟರಮ್ಮ ಕೇಳಿದ್ರೆ ನಾನೇ ಮಾತಾಡ್ಬೇಕಾ?" ಅಂದಳು.

"ಮತ್ತಿನ್ಯಾರು ಮಾತಾಡ್ತಾರೆ? ಪುಕ್ಕಲ ಮಾತಾಡ್ತಾನಾ?"

ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಮಾರ್ಚ್ ೨೮, ಗುರುವಾರ

ಗಂಟಲು ಕೆಟ್ಟಿದೆ. ಜೋರಾಗಿ ಮಾತಾಡಲು ಆಗುತ್ತಿಲ್ಲ. ಅವತ್ತು ಬಿಸಿಲಲ್ಲಿ ನಡೆದದ್ದಕ್ಕಿರಬೇಕು. ಎರಡು ದಿನದಿಂದ ನಾಯಿಗಳೂ ಸುಮ್ಮನಿವೆ. ಹವೆ ಬದಲಾಗಿದೆ, ಪ್ರಾಣಿಗಳಿಗೆ ಅದೆಲ್ಲ ಬೇಗ ಗೊತ್ತಾಗುತ್ತದೆ.

ಗುಂಡನನ್ನು ಸಂಜೆ ವಾಕಿಂಗಿಗೆ ನಾನೇ ಕರೆದುಕೊಂಡು ಹೋದೆ, ಇವಳಿಗೆ ಮಂಡಿ ನೋವು. ಅವನು ಪ್ರತಿ ಕಂಬಕ್ಕೂ ನಿಲ್ಲುತ್ತಾನೆ. ಎಳೆದರೆ ಬರುವುದಿಲ್ಲ, ಅವನ ತೂಕಕ್ಕೆ ನಾನೇ ವಾಲಿದೆ. ಕೊನೆಗೆ ಅವನು ನಿಂತಲ್ಲೆಲ್ಲ ನಾನೂ ನಿಂತೆ. ಆ ಬೀದಿಯಲ್ಲಿ ಒಂದು ಗಡಿಯಾರ ರಿಪೇರಿ ಅಂಗಡಿ ಇದೆ. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೇನೆ, ನೋಡಿಯೇ ಇರಲಿಲ್ಲ.

ವೇಳಾಪಟ್ಟಿಯ ಒಂದು ಮೂಲೆ ಕಿತ್ತು ಬಂದಿದೆ. ಅಂಟು ತಂದು ಅಂಟಿಸಬೇಕು.

ಏಪ್ರಿಲ್ ೩, ಬುಧವಾರ

ಎರಡನೇ ತನಿಖೆ ಮಂಗಳವಾರ. ಈ ಸಲವೂ ಇಲ್ಲ ಅಂದರೆ ಮುಗಿಯಿತು. ಹಡಗಿನ ಅಡುಗೆಯವನಿಗೆ ಏನು ಹೇಳುವುದು? ಯಾವುದೋ ಬಂದರಿನಿಂದ ಅವನು ಇವಳಿಗೆ ಫೋನು ಮಾಡಿದ್ದ. ಇವಳು ಫೋನನ್ನು ಪುಕ್ಕಲನ ಕಿವಿಗೆ ಹಿಡಿದಳು. ಅವನ ದನಿ ಕೇಳಿ ಪುಕ್ಕಲ ಬಾಲ ಆಡಿಸುತ್ತ ಬಾಗಿಲವರೆಗೆ ಓಡಿ, ಅಲ್ಲಿ ಯಾರೂ ಇಲ್ಲದ್ದು ನೋಡಿ ವಾಪಸ್ಸು ಬಂದ. ನನಗೆ ಯಾಕೋ ಕಣ್ಣು ತುಂಬಿತು. ಫಿನಾಯಿಲಿನ ಘಾಟು ಇನ್ನೂ ಪೂರ್ತಿ ಹೋಗಿಲ್ಲ.

ಪುಕ್ಕಲ ನನ್ನ ಹತ್ತಿರ ಮಾತ್ರ ಸುಳಿಯುವುದಿಲ್ಲ. ನಾನು ರೂಮಿಗೆ ಬಂದರೆ ಅವನು ಮೆಟ್ಟಿಲ ಕೆಳಗೆ. ನಾನೇನು ಹೊಡೆದಿದ್ದೇನಾ, ಬಡಿದಿದ್ದೇನಾ?

"ನಿಮ್ಮ ಬೂಟಿನ ಸದ್ದು ರೀ" ಅಂದಳು ಇವಳು. "ಮನೆಯೊಳಗೆ ಯಾರಾದ್ರೂ ಡ್ಯೂಟಿ ಬೂಟು ಹಾಕ್ಕೊಂಡು ಓಡಾಡ್ತಾರಾ?"

ಕಾಲಿಗೆ ಅಭ್ಯಾಸವಾಗಿಬಿಟ್ಟಿದೆ, ಬರಿಗಾಲಲ್ಲಿ ನಡೆದರೆ ನೆಲ ತಣ್ಣಗೆ ಕೊರೆಯುತ್ತದೆ ಅಂದೆ. ಆದರೆ ಸಂಜೆ ಹೊತ್ತಿಗೆ ಹಿಮ್ಮಡಿಯಲ್ಲಿ ಆಣಿ ನೋಯತೊಡಗಿತು. ಬೂಟು ತೆಗೆದು ಹಿತ್ತಲ ಬಾಗಿಲ ಬಳಿ ಇಟ್ಟೆ.

ಏಪ್ರಿಲ್ ೮, ಸೋಮವಾರ

ನಾಳೆ ತನಿಖೆ. ಇವಳು ಯಾವ ತಯಾರಿಯನ್ನೂ ಮಾಡುತ್ತಿಲ್ಲ. ಹಾಸಿಗೆಗಳನ್ನು ನಾಯಿಗಳು ಎಳೆದು ಹಾಕಿದ ಕಡೆಯೇ ಬಿಟ್ಟಿದ್ದಾಳೆ. ಆ ಸ್ವೆಟರನ್ನು ನಾಲ್ಕು ದಿನ ತಾನೇ ಹಾಕಿಕೊಂಡು, ಬೆವರಿನ ಸಮೇತ ಮತ್ತೆ ಪುಕ್ಕಲನಿಗೆ ಕೊಟ್ಟಿದ್ದಾಳೆ. ನನಗೆ ಕೈ ಕಡಿಯುತ್ತಿದೆ. ಒಂದು ಬಕೆಟ್ಟು ತುಂಬಿಸಿದೆ, ಚೆಲ್ಲಿದೆ. ಗೇಟಿನ ಚಿಲಕ ಮಾತ್ರ ನೋಡಿದೆ, ಅದಕ್ಕೆ ಇವಳು ಬೇಡ ಅನ್ನಲಿಲ್ಲ.

ಸಂಜೆ ಸ್ವಲ್ಪ ಹಿಂದೆ ಮುಂದೆ ನೋಡಿ ಹೇಳಿದಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಡಾಕ್ಟರಮ್ಮ ಬರೋ ಹೊತ್ತಿಗೆ ನೀವು ಎಲ್ಲಾದ್ರೂ ಹೊರಗಡೆ ಹೋಗಿರ್ತೀರಾ?"

ಬೇಜಾರಾಯಿತು. ಯಾಕೆ ಸುಳ್ಳು ಹೇಳಲಿ, ಬಹಳ ಬೇಜಾರಾಯಿತು. ಸ್ವಂತ ಮನೆಯಲ್ಲಿ ಬೇಡವಾದವನಾದೆ. ಆದರೆ ಇವಳು ಮಡಿಸಿದ ಟವೆಲ್ಲನ್ನೇ ಮೂರನೇ ಸಲ ಬಿಡಿಸಿ ಮಡಿಸುತ್ತಿದ್ದಳು. ನನಗಿಂತ ಇವಳಿಗೆ ಹೆಚ್ಚು ಭಯ ಅಂತ ಆಗ ಗೊತ್ತಾಯಿತು. ಸರಿ, ಹೋಗಿರುತ್ತೇನೆ ಅಂದೆ. ಬಸ್ ಸ್ಟ್ಯಾಂಡಿಗೆ ಹೋಗಿ ಕೂರುತ್ತೇನೆ. ಬೆಂಚಿನ ಮೇಲೆ ಕೂರುವುದು ಈಗೀಗ ಅಭ್ಯಾಸವಾಗಿದೆ.

ಏಪ್ರಿಲ್ ೯, ಮಂಗಳವಾರ

ಊಟ ಮುಗಿಸಿ ಹೊರಡಲು ಹಿತ್ತಲ ಬಾಗಿಲಿಗೆ ಹೋಗಿ ಬೂಟಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಬೀದಿಯಲ್ಲಿ ರಸ್ತೆ ಅಗೆಯುವ ಯಂತ್ರ ಶುರುವಾಯಿತು. ಪೈಪು ಒಡೆದಿತ್ತಂತೆ. ಇವತ್ತೇ ಬರಬೇಕಿತ್ತಾ ಅವರಿಗೆ? ಕಿಟಕಿಯ ಗಾಜು, ಪಾತ್ರೆ, ಹಲ್ಲು ಎಲ್ಲಾ ಅದುರುತ್ತಿತ್ತು. ಪುಕ್ಕಲ ಬಾಣದ ಹಾಗೆ ಓಡಿ ಬಂದು ನನ್ನ ಕಾಲ ನಡುವೆ ನುಸುಳಿ ಮೆಟ್ಟಿಲ ಕೆಳಗೆ ಸೇರಿಕೊಂಡ. ಅದೇ ಹೊತ್ತಿಗೆ ಗೇಟಿನ ಸದ್ದಾಯಿತು. ಇವಳು ಗುಂಡನನ್ನು ಕರೆದುಕೊಂಡು ಗೇಟಿಗೆ ಹೋದಳು.

ತನಿಖೆಯ ಹೊತ್ತಿಗೆ ನಾಯಿ ಹೀಗೆ ಬಚ್ಚಿಟ್ಟುಕೊಂಡು ನಡುಗುತ್ತಿದ್ದರೆ ಲೈಸೆನ್ಸು ಸಿಕ್ಕಂತೆಯೇ. ಅವನನ್ನು ಬೇಗ ಹೊರಗೆಳೆದು ಹಿತ್ತಲಿಗೆ ಬಿಟ್ಟು ಹೋಗಿಬಿಡೋಣ ಅಂತ ಬಗ್ಗಿ ಒಳಗೆ ತೂರಿದೆ. ಅವನು ಗೋಡೆಗೆ ಅಂಟಿಕೊಂಡಿದ್ದ. ಕೈ ಹಾಕಿದರೆ ಮೈಯೆಲ್ಲ ಗಡಗಡ ಅನ್ನುತ್ತಿತ್ತು, ಹೃದಯ ಕೈಗೇ ಬಡಿಯುತ್ತಿತ್ತು. ಎಳೆಯಲು ಮನಸ್ಸಾಗಲಿಲ್ಲ. ಹೊರಗೆ ಬರೋಣ ಅಂದರೆ ಸೊಂಟ ತಿರುಗಲಿಲ್ಲ, ಜಾಗ ಅಷ್ಟು ಇಕ್ಕಟ್ಟು. ಸರಿ, ಕಾಲು ಚಾಚಿ ಕೂತೆ. ಏನು ಹೇಳಬೇಕು ಅಂತ ತಿಳಿಯದೆ, ಬಾಯಿಗೆ ಬಂದ ಹಾಗೆ ಬಸ್ ಸ್ಟಾಪುಗಳ ಹೆಸರು ಹೇಳತೊಡಗಿದೆ. ಮಾರುಕಟ್ಟೆ, ಹಳೇ ಸೇತುವೆ, ಆಸ್ಪತ್ರೆ, ನೀರಿನ ಟ್ಯಾಂಕು. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಡಿಪೋ ತಲುಪುವ ಹೊತ್ತಿಗೆ ಅವನು ನನ್ನ ಪಾದದ ಮೇಲೆ ಗದ್ದ ಇಟ್ಟ. ಇನ್ನೊಂದು ರೂಟು ಶುರುಮಾಡಿದೆ. ಅವನ ನಡುಕ ನಿಂತಿತು. ಕಣ್ಣು ಮುಚ್ಚಿದ.

ಮೆಟ್ಟಿಲ ಸಂದಿಯಿಂದ ಪಶುವೈದ್ಯೆಯ ಬರಿಗಾಲು ಕಾಣಿಸಿತು, ಪಕ್ಕದಲ್ಲಿ ಇವಳ ಕಾಲು. ಅಲ್ಲಿ ಇಲ್ಲಿ ಓಡಾಡಿದವು. ಒಂದು ಸಲ ಪಶುವೈದ್ಯೆಯ ಮುಖವೂ ಕೆಳಗೆ ಬಗ್ಗಿ ಇಣುಕಿತು. ನಮಸ್ಕಾರ ಹೇಳಬೇಕಿತ್ತು. ಕೈ ಎತ್ತಿದರೆ ಪುಕ್ಕಲ ಎಚ್ಚರವಾಗುತ್ತಾನೆ ಅಂತ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದೆ. ಮುಖ ಹೋಯಿತು. ಆಮೇಲೆ ಗೇಟಿನ ಸದ್ದು. ಯಂತ್ರ ಯಾವಾಗ ನಿಂತಿತೋ ಗಮನಿಸಲಿಲ್ಲ. ಗೋಡೆಯಾಚೆ ಪಿಟೀಲು ನಡೆಯುತ್ತಿತ್ತು, ಯಾವುದೋ ಮಗು ಒಂದೇ ಸಾಲನ್ನು ತಪ್ಪು ತಪ್ಪಾಗಿ ಮತ್ತೆ ಮತ್ತೆ ನುಡಿಸುತ್ತಿತ್ತು.

ಇವಳು ಎರಡು ಲೋಟ ಕಾಫಿ ತಂದು ಮೆಟ್ಟಿಲ ಪಕ್ಕ ನೆಲದ ಮೇಲೆ ಕೂತಳು. ಒಂದನ್ನು ಒಳಗೆ ತಳ್ಳಿದಳು.

"ಇಲ್ಲೇ ಇದ್ದೀರಾ ಇನ್ನೂ?"

"ಶ್. ಮಲಗಿದಾನೆ."

ಇವಳು ಕಾಫಿ ಕುಡಿದಳು. ನಾನೂ ಕುಡಿದೆ. ಲೋಟ ಖಾಲಿಯಾದ ಮೇಲೆ ಇವಳೇ ಅಂದಳು. "ಕೇಳೋದಿಲ್ವಾ?"

"ಏನನ್ನ?"

"ಲೈಸೆನ್ಸು ರೀ. ಕೊಟ್ರು."

ಮರೆತೇ ಹೋಗಿತ್ತು. ಒಂದು ತಿಂಗಳು ಊಟ ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದವನಿಗೆ ಮರೆತೇ ಹೋಗಿತ್ತು. ನೀನು ಏನೇನು ಹೇಳಿದೆ, ಆಕೆ ಏನೇನು ಕೇಳಿದರು ಅಂತ ಕೇಳಿದೆ. ಎಲ್ಲಾ ಹೇಳಿದಳು. ಎಲ್ಲದಕ್ಕೂ ತಾನೇ ಉತ್ತರ ಕೊಟ್ಟಳಂತೆ, ಬಾಯಿ ಒಣಗಲಿಲ್ಲವಂತೆ. ಹೇಳುವಾಗ ಮುಖ ಬೇರೆಯೇ ಇತ್ತು. ಕೊನೆಗೆ ಆಕೆ ಮೆಟ್ಟಿಲ ಕೆಳಗೆ ಇಣುಕಿ ನೋಡಿ, ಇವರು ಹೋದ ಸಲ ಕೂಗಾಡಿದ ಸಾರ್ ಅಲ್ವಾ, ಇಲ್ಲೇನು ಮಾಡ್ತಿದಾರೆ ಅಂತ ಕೇಳಿದರಂತೆ.

"ಏನಂದೆ?"

ಇವಳು ಲೋಟದೊಳಗೆ ನೋಡುತ್ತ ಅಂದಳು. "ಅವರೂ ಈಗೀಗ ಬಂದಿರೋದು ಡಾಕ್ಟರೇ. ಜಾಗ ಹೊಸದು, ಮೊದಮೊದಲು ಎಲ್ಲರ ಮೇಲೂ ಬೊಗಳ್ತಿದ್ರು. ಈಗ ಒಗ್ಗಿಕೊಳ್ತಿದಾರೆ ಅಂದೆ."

ಅಂದವಳೇ ನಗತೊಡಗಿದಳು. ಸದ್ದಾಗಬಾರದು ಅಂತ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನನಗೆ ಸಿಟ್ಟು ಬರಬೇಕಿತ್ತು. ಒಬ್ಬ ಅಧಿಕಾರಿಯ ಮುಂದೆ ಗಂಡನ ಬಗ್ಗೆ ಆಡುವ ಮಾತೇ ಇದು? ನಾಳೆ ಕೇಳುತ್ತೇನೆ. ಈ ಡೈರಿಯನ್ನೂ ಇವಳೇ ತಂದು ಕೊಟ್ಟಳು, ಇಲ್ಲೇ ಕೂತು ಬರೆಯುತ್ತಿದ್ದೇನೆ. ಕಾಲು ಜೋಮು ಹಿಡಿದಿದೆ. ಪೆನ್ನು ಆಡಿದರೆ ಪುಕ್ಕಲ ಒಂದು ಕಣ್ಣು ತೆರೆದು ನೋಡುತ್ತಾನೆ. ಬರೆಯುವುದು ಇನ್ನೂ ಇತ್ತು, ನಿಲ್ಲಿಸುತ್ತೇನೆ.